ಹಿಂದಿನ ಸೀಟು ಇಲ್ಲದ ಟ್ರಕ್ಕು

ಕಳೆದ ಶನಿವಾರ ಪ್ಲೇನೋ ಊರಿನಲ್ಲಿ ಆರೂವರೆ ಅಡಿ ಎತ್ತರದ ಒಬ್ಬ ಮನುಷ್ಯ ನನ್ನನ್ನು ಹಿಂದಿನ ಸೀಟಿಗೆ ಹತ್ತಿಸಿ ಧಡಾರನೆ ಬಾಗಿಲು ಹಾಕಿದ.

ಒಳಗಿನಿಂದ ಎಷ್ಟು ಎಳೆದರೂ ತೆರೆಯಲಿಲ್ಲ. ಮೊಣಕಾಲು ಗಲ್ಲಕ್ಕೆ ಒತ್ತುತ್ತಿತ್ತು. ಕಿಟಕಿಯಾಚೆ ನನ್ನ ಹೆಂಡತಿ ಕುಸುಮ ನಿಂತು ನೋಡುತ್ತಿದ್ದಾಳೆ... ಬಿಡಿಸುವ ಲಕ್ಷಣವೇ ಇಲ್ಲ!

ಗಾಬರಿ ಬೇಡ, ಲಾಯರ್ ಹುಡುಕಬೇಡಿ. ಅವನು ಪೊಲೀಸ್ ಅಲ್ಲ, ಟ್ರಕ್ ಮಾರುವವನು. ಅರೆಸ್ಟ್ ಆಗಲಿಲ್ಲ, ಈ ವಯಸ್ಸಿಗೆ ಬೇಕಾದ ರೆಸ್ಟೂ ಸಿಗಲಿಲ್ಲ.

ನಾನು ಕೂತಿದ್ದು ಒಂದೂವರೆ ಕ್ಯಾಬಿನ ಪಿಕಪ್ ಟ್ರಕ್ಕು, ಅಂದರೆ ಮುಂದೆ ಪೂರ್ತಿ ಸೀಟು, ಹಿಂದೆ ಅರ್ಧ ಸೀಟು. ಅದರ ಹಿಂದಿನ ಅರ್ಧ ಬಾಗಿಲು, ಮುಂದಿನ ಬಾಗಿಲು ತೆಗೆದರೆ ಮಾತ್ರ ತೆರೆಯುತ್ತದಂತೆ. ಅಲ್ಲಿ ಬ್ಯಾಗ್ ಕೂರಬಹುದು, ಮನುಷ್ಯ ಕೂರಲಾರ.

ಟ್ರಕ್ ಯಾಕೆ ಅಂತೀರಾ? ಹೋದ ತಿಂಗಳು ಆಸ್ಟಿನ್‌ನಲ್ಲಿ ನಮ್ಮವರೇ ಆದ ಒಬ್ಬ ರಿಟೈರ್ಡ್ ಡಾಕ್ಟರಿಂದ ಕ್ಯಾಂಪರ್ ಕೊಂಡೆ. ಹಾಸಿಗೆ, ಒಲೆ, ಪುಟ್ಟ ಬಚ್ಚಲು ಎಲ್ಲ ಇರುವ ಪೆಟ್ಟಿಗೆ. ಪಿಕಪ್ಪಿನ ಬೆನ್ನ ಮೇಲೆ ಕೂರಿಸಿಕೊಂಡು ಊರೂರು ಸುತ್ತಬಹುದು.

ಆನೆ ಕೊಳ್ಳುವ ಮೊದಲೇ ಅಂಬಾರಿ ಕೊಂಡ ಮೈಸೂರಿನವನು ನಾನು. ಅಂಬಾರಿ ಇನ್ನೂ ಡಾಕ್ಟರ ಹಿತ್ತಲಲ್ಲೇ ಇದೆ.

ಆನೆ ಹುಡುಕಿಕೊಟ್ಟವನು ಪ್ಲೇನೋದಲ್ಲಿರುವ ಗೆಳೆಯ ಶ್ರೀಕಂಠ. ಜೀವನವಿಡೀ ಸೇತುವೆಗಳ ಭಾರ ಲೆಕ್ಕ ಹಾಕಿದ ಎಂಜಿನಿಯರ್. "ಕ್ಯಾಂಪರ್ ತೂಕ ಎಷ್ಟು ಹೇಳೋ, ಉಳಿದಿದ್ದು ನಾನ್ ನೋಡ್ಕೋತೀನಿ" ಅಂದ. ಫೋನಿನಲ್ಲೇ ಹೇಳಿದೆ.

ಶ್ರೀಕಂಠನ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡು ವರ್ಷದ ಹಿಂದೆ ಅವನ ಹೆಂಡತಿ ಲಲಿತ ತೀರಿಕೊಂಡಳು. ಅಂದಿನಿಂದ ನಾವೆಲ್ಲಿಗೆ ಪ್ರವಾಸ ಹೋದರೂ ಅವನು ನಮ್ಮ ಹಿಂದಿನ ಸೀಟಿನಲ್ಲಿ.

ಕರೆದವರು ನಾವೇ. ಬಂದಿದ್ದು ಅವನ ತಪ್ಪಲ್ಲ.

ಆದರೆ ಪ್ರತಿ ಐವತ್ತು ಮೈಲಿಗೆ "ಲಲಿತ ಇದ್ದಿದ್ರೆ ಇಲ್ಲಿ ನಿಲ್ಸು ಅಂತಿದ್ಲು" ಎನ್ನುತ್ತಾನೆ. ನಿಲ್ಲಿಸುತ್ತೇವೆ. ಮೂವರೂ ಇಳಿದು ಸುಮ್ಮನೆ ಒಂದು ಹೊಲ ನೋಡಿ ಮತ್ತೆ ಹತ್ತುತ್ತೇವೆ. ನನ್ನ ಜೋಕಿಗೆ ನಗುವ ಕುಸುಮ, ಅವನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸುತ್ತಾಳೆ.

ಸದಾ ಕತ್ತಿನ ಹಿಂದೆ ಒಬ್ಬರ ದುಃಖ ಕೂತಿದ್ದರೆ ಗಾಡಿ ಓಡಿಸುವವನಿಗೆ ಸುಸ್ತಾಗುತ್ತದೆ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಸರಿ, ಶನಿವಾರಕ್ಕೆ ಬರೋಣ. ಒಂದೂವರೆ ಕ್ಯಾಬಿನಿಂದ ನನ್ನನ್ನು ಬಿಡಿಸಿಕೊಂಡ ಮೇಲೆ ನಾಲ್ಕು ಬಾಗಿಲಿನ ದೊಡ್ಡ ಕ್ಯಾಬ್ ತೋರಿಸಿದರು. ಹಿಂದೆ ಸೋಫಾದಂಥ ಸೀಟು.

ಕುಸುಮ ಹತ್ತಿ ಕೂತೇ ಬಿಟ್ಟಳು. "ಇದೇ ಇರ್ಲಿ ರೀ. ಶ್ರೀಕಂಠ ಅವ್ರು ಆರಾಮಾಗಿ ಕಾಲು ಚಾಚ್ಕೊಂಡು ಬರ್ಬಹುದು."

ಶ್ರೀಕಂಠ ಡ್ರೈವರ್ ಬಾಗಿಲು ತೆಗೆದು, ಬಗ್ಗಿ, ಟ್ರಕ್ಕು ಎಷ್ಟು ಹೊರುತ್ತದೆ ಎಂದು ಬರೆದಿದ್ದ ಸ್ಟಿಕರ್ ಓದಿದ. ಫೋನಿನಲ್ಲಿ ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ.

"ಇದಾಗಲ್ಲಮ್ಮ ಕುಸುಮ. ಕ್ಯಾಬ್ ದೊಡ್ಡದಾದಷ್ಟೂ ಅದರ ತೂಕಾನೇ ಜಾಸ್ತಿ, ಹೊರೋದು ಕಮ್ಮಿ. ನಿಮ್ಮ ಕ್ಯಾಂಪರ್ ಇಟ್ಟು, ನೀರು ತುಂಬ್ಸಿ, ಮೂರು ಜನ ಕೂತ್ರೆ ಲಿಮಿಟ್ ದಾಟುತ್ತೆ."

"ಸ್ವಲ್ಪ ದಾಟಿದ್ರೆ ಏನಾಗುತ್ತೆ? ಇಲ್ಲಿ ಎಲ್ರೂ ಹಂಗೇ ಓಡ್ಸಲ್ವಾ?"

"ಸೇತುವೆ ಕಟ್ಟಿದವನ ಹತ್ರ ಇದನ್ನ ಕೇಳ್ತೀಯಲ್ಲ ತಾಯಿ!"

ಈ ಸಂದರ್ಭದಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ನಿನ್ನನ್ನ ಕ್ಯಾಂಪರ್ ಒಳಗೆ ಮಲಗ್ಸಿ, ಅಕ್ಕಿ ಮೂಟೆ ಅಂತ ಬರ್ಕೊಳ್ಳೋಣ ಬಿಡೋ" ಅಂದೆ.

"ಮೂಟೆಗೂ ತೂಕ ಇರತ್ತಲ್ಲೋ ನಂಜ" ಎಂದು ನಕ್ಕ. ಆಮೇಲೆ ಅಲ್ಲೇ ಪಕ್ಕದಲ್ಲಿದ್ದ ಸಿಂಗಲ್ ಕ್ಯಾಬಿನ ಬಾನೆಟ್ ತಟ್ಟಿದ. ಎರಡು ಸೀಟು, ನಡುವೆ ಕನ್ಸೋಲ್, ಹಿಂದೆ ಬರೀ ಗಾಜು. "ನಿಮ್ಮಿಬ್ರಿಗೆ ಇದೇ ಸರಿ. ಟೈರ್‌ಗೂ ಒಳ್ಳೇದು."

ಹೆಸರು ಸಿಂಗಲ್ ಕ್ಯಾಬ್, ಕೂರುವವರು ಗಂಡ ಹೆಂಡತಿ. ನಿಜವಾಗಿ ಸಿಂಗಲ್ ಆದವನಿಗೆ ಅದರಲ್ಲಿ ಜಾಗವಿಲ್ಲ. ಬೇರೆ ದಿನವಾಗಿದ್ದರೆ ಈ ಜೋಕನ್ನು ಗಟ್ಟಿಯಾಗಿ ಹೇಳುತ್ತಿದ್ದೆ.

ಸೈನ್ ಮಾಡಿದೆ. ಹೊರಡುವಾಗ ಶ್ರೀಕಂಠ ನಾಲ್ಕೂ ಟೈರಿನ ಗಾಳಿ ಚೆಕ್ ಮಾಡಿದ, ಕನ್ನಡಿ ಸರಿ ಮಾಡಿಕೊಟ್ಟ. "ಹೋದ್ ಕಡೆಯಿಂದ ಫೋಟೋ ಕಳಿಸಿ, ಆಯ್ತಾ?" ಎಂದು ಕುಸುಮಳಿಗೆ ಹೇಳಿದ. ಅವಳು ತಲೆಯಾಡಿಸಿದಳು ಅಷ್ಟೇ.

ಬಸ್ಸಿನಲ್ಲಿ ಹೋಗಿದ್ದ ನಾವು ಟ್ರಕ್ಕಿನಲ್ಲಿ ಹ್ಯೂಸ್ಟನ್ ಪಕ್ಕದ ನಮ್ಮ ಕ್ಲಿಯರ್ ಲೇಕ್‌ಗೆ ವಾಪಸ್. ಎರಡು ವರ್ಷದಲ್ಲಿ ಮೊದಲ ಸಲ ದೂರದ ದಾರಿಗೆ ನಮ್ಮ ಗಾಡಿಯಲ್ಲಿ ಇಬ್ಬರೇ. ನಾನು ಮೂರು ಜೋಕ್ ಹೇಳಿದೆ. ಒಂದಕ್ಕೂ ನಗು ಬರಲಿಲ್ಲ.

ಹ್ಯೂಸ್ಟನ್ ಇನ್ನೂ ದೂರವಿದ್ದಾಗ ಕುಸುಮ ಕಿತ್ತಳೆ ಸುಲಿದಳು. ನನಗೆರಡು ತೊಳೆ ಕೊಟ್ಟು, ನೋಡದೆಯೇ ಕೈಯನ್ನು ಹಿಂದಕ್ಕೆ ಚಾಚಿದಳು. ಗಾಜಿಗೆ ತಾಗಿತು.

"ಪಾಪ, ಲೆಕ್ಕ ಅಡ್ಡ ಬಂತು, ಇಲ್ದಿದ್ರೆ ಬರ್ತಿದ್ರು" ಅಂದಳು. ನಾನು ರಸ್ತೆ ನೋಡುತ್ತಿದ್ದೆ.

ನನ್ನ ಬಾಯಿಂದ ಬಂದ ಪ್ರತಿ ಮಾತನ್ನೂ ಎರಡು ಸಲ ಪರೀಕ್ಷೆ ಮಾಡುವ ಶ್ರೀಕಂಠ, ಕ್ಯಾಂಪರ್ ತೂಕವೊಂದನ್ನು ಮಾತ್ರ ಕೇಳಿದ ಹಾಗೇ ನಂಬಿ ಬರೆದುಕೊಂಡಿದ್ದ. ಅವನೂ ಈ ಪೋಸ್ಟ್ ಓದುತ್ತಾನೆ, ಗೊತ್ತು.

ಡಾಕ್ಟರು ಕೊಟ್ಟ ಕ್ಯಾಂಪರ್ ಕಾಗದದಲ್ಲಿದ್ದ ತೂಕಕ್ಕೆ ನಾಲ್ಕು ಬಾಗಿಲಿನ ಟ್ರಕ್ಕೇ ಸಾಕಿತ್ತು. ಅದಕ್ಕೆ ನಾನೂರು ಪೌಂಡ್ ಸೇರಿಸಿ ಅವನಿಗೆ ಹೇಳಿದವನು ನಾನು.