ತಳ ಕಾಣುವ ನೀರು

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಮೇಟಗಳ್ಳಿಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಕೈಗೆ ಬಂದ ತುಂಡನ್ನು ಅಳೆಯುವುದು, ಅಳತೆಗೆ ಸರಿಹೋದರೆ ಸಹಿ ಹಾಕುವುದು, ಇಲ್ಲದಿದ್ದರೆ ವಾಪಸ್ ಕಳಿಸುವುದು. ಮನೆಯಲ್ಲೂ ಅದೇ ಬುದ್ಧಿ. ಯಾರಾದರೂ ಕನಸಿನಲ್ಲಿ ಸತ್ತ ಅಜ್ಜಿ ಬಂದಿದ್ದಳು ಎಂದು ಶುರು ಮಾಡಿದರೆ, "ರಾತ್ರಿ ಊಟಕ್ಕೆ ಏನಿತ್ತು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ಸರದಿ. ನೀವು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ನಾನೇ ಕೇಳಿಕೊಂಡು ಸುಸ್ತಾಗಿದ್ದೇನೆ. ಇದು ಯಾವ ಅಳತೆಗೂ ಕೂರುತ್ತಿಲ್ಲ.

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಮನೆ. ಕೆಳಗೆ ಅಮ್ಮ, ಅಣ್ಣ, ಅತ್ತಿಗೆ, ಅವರ ಮಕ್ಕಳು ಗಗನ್ ಮತ್ತು ಗಾನವಿ. ಮೇಲಿನ ರೂಮು ನನ್ನದು. ಮದುವೆಯಾಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಮನೆಯ ಮುಂದೆ, ಗೇಟಿಗೂ ಮೆಟ್ಟಿಲಿಗೂ ನಡುವೆ ನೆಲದೊಳಗೆ ಸಂಪು. ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಸಂಪಿಲ್ಲದೆ ಸಂಸಾರ ನಡೆಯುವುದಿಲ್ಲ. ಅದರೊಳಗೆ ಎಷ್ಟು ನೀರಿದೆ ಎಂದು ಕೋಲು ಬಿಟ್ಟು ಅಳೆಯುವುದು ನನ್ನದೇ ಕೆಲಸ. ಬೇರೆ ಯಾರು ಅಳೆದರೂ ನನಗೆ ಸಮಾಧಾನವಿಲ್ಲ.

ಗಾನವಿಗೆ ಆಗ ನಾಲ್ಕೂವರೆ ವರ್ಷ. ಒಂದು ಭಾನುವಾರ ಬೆಳಿಗ್ಗೆ ಸಂಪಿನ ಕಬ್ಬಿಣದ ಮುಚ್ಚಳ ಸರಿಸಿ ಕೋಲು ಬಿಟ್ಟು ನೋಡುತ್ತಿದ್ದೆ. ಅರ್ಧ ತುಂಬಿತ್ತು, ಬಾಯಿಂದ ಮೂರಡಿ ಕೆಳಗೆ ನೀರು. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನ್ ಬಂತು. ನಾನು ವಾಪಸ್ ಮಾಡಿದ್ದ ಮಾಲಿನ ಬಗ್ಗೆ ತಕರಾರು. ಮನೆ ಮುಂದೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಮಾತಾಡುತ್ತ ಬೀದಿಯ ಮೂಲೆಯ ದಿನಸಿ ಅಂಗಡಿಯವರೆಗೂ ಹೋದೆ. ಮುಚ್ಚಳ ತೆರೆದೇ ಇತ್ತು. ಅದರ ನೆನಪೇ ನನಗಿರಲಿಲ್ಲ.

ಅತ್ತಿಗೆ ಕಿರುಚಿದ್ದು ಕೇಳಿ ನಾನೂ ಅಂಗಡಿಯವರೂ ಓಡಿದೆವು. ಗಾನವಿ ಸಂಪಿನ ಪಕ್ಕ ಚಪ್ಪಡಿಯ ಮೇಲೆ ಕೂತಿದ್ದಳು. ಕೂದಲಿಂದ, ಲಂಗದಿಂದ ನೀರು ಸುರಿಯುತ್ತಿತ್ತು. ಅಳುತ್ತಿರಲಿಲ್ಲ. ನಾನು ಬಾಚಿ ಎತ್ತಿಕೊಂಡೆ. ಡಾಕ್ಟರ ಹತ್ತಿರ ಹೋಗಿ ಬಂದೆವು, ಏನೂ ಆಗಿರಲಿಲ್ಲ. ಪೈಪು ಹಿಡಿದು ಹತ್ತಿ ಬಂದಿರಬೇಕು ಎಂದರು ಎಲ್ಲರೂ. ನಾಲ್ಕೂವರೆ ವರ್ಷದ ಮಗು ನಯವಾದ ಪೈಪು ಹಿಡಿದು ಮೂರಡಿ ಹತ್ತಿತು ಎಂದರೆ ಬೇರೆ ದಿನ ನಾನು ಒಪ್ಪುತ್ತಿರಲಿಲ್ಲ. ಅವತ್ತು ಒಪ್ಪಿಕೊಂಡೆ.

ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಅಣ್ಣ ಮನೆಗೆ ಬಂದವನೇ ಅತ್ತಿಗೆಯ ಮೇಲೆ ಹಾರಿಬಿದ್ದ. "ಮನೇಲಿದ್ದು ಏನ್ ಮಾಡ್ತಿದ್ದೆ? ಒಂದು ಮುಚ್ಚಳ ಮುಚ್ಚಕ್ಕಾಗಲ್ವಾ ನಿಂಗೆ?" ಅತ್ತಿಗೆ ತಬ್ಬಿಬ್ಬಾದರು. "ಬೆಳಿಗ್ಗೆ ಮೋಟಾರ್ ಹಾಕೋ ಮುಂಚೆ ತೆಗೆದು ನೋಡಿದ್ದೆ ಕಣ್ರೀ. ಮುಚ್ಚಿದೆ ಅಂದ್ಕೊಂಡೆ... ನಂಗೆ ಸರಿಯಾಗಿ ನೆನಪಿಲ್ಲ" ಎಂದು ಅತ್ತರು. ನಾನು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದೆ. "ನಾನು" ಎನ್ನುವ ಒಂದೇ ಮಾತು ಬಾಯಿಂದ ಹೊರಡಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಹೋಗಿ ವಾರವಾಯಿತು, ವಾರ ಹೋಗಿ ತಿಂಗಳಾಯಿತು. ಕೆಟ್ಟ ಗಳಿಗೆಯ ಮಾತನ್ನು ಮಗುವಿನ ಮುಂದೆ ಯಾರೂ ಎತ್ತಕೂಡದು ಎಂದು ಅಮ್ಮ ಅಪ್ಪಣೆ ಮಾಡಿ, ಮಠದಿಂದ ತಾಯತ ತಂದು ಗಾನವಿಯ ತೋಳಿಗೆ ಕಟ್ಟಿಸಿದರು. ಆ ಅಪ್ಪಣೆ ನನಗೆ ತುಂಬಾ ಅನುಕೂಲವಾಯಿತು.

ಅಂದಿನಿಂದ ಗಾನವಿಗೆ ನೀರೆಂದರೆ ಆಗದು. ತಲೆಗೆ ನೀರು ಹಾಕುವ ದಿನ ಮನೆಯಲ್ಲಿ ರಂಪ. ಸಂಪಿನ ಚಪ್ಪಡಿ ತುಳಿಯದೆ ಕಾಂಪೌಂಡಿಗೆ ಅಂಟಿಕೊಂಡು ಶಾಲೆಗೆ ಹೋಗುತ್ತಿದ್ದಳು. ಈಜುಕೊಳಕ್ಕೆ ಕರೆದುಕೊಂಡು ಹೋದರೆ ಅಣ್ಣನ ಕುತ್ತಿಗೆಗೆ ಉಗುರು ಊರಿ ಕೂಗಿದಳು. ತಳ ಕಾಣದ ನೀರು ಎಂದರೆ ಅವಳಿಗೆ ಭಯ ಎಂದು ನನಗೆ ಹೊಳೆಯಿತು. ಹಾಗಾದರೆ ತಳ ಕಾಣುವ ನೀರು ಹುಡುಕೋಣ ಎಂದುಕೊಂಡೆ. ಪ್ರಾಯಶ್ಚಿತ್ತ ಎನ್ನಿ ಬೇಕಾದರೆ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದವರು ಕೈಕಾಲು ಬಡಿದು ಋಣ ತೀರಿಸಲು ನೋಡುತ್ತಾರೆ.

ತಿಂಗಳಿಗೊಂದು ಭಾನುವಾರ ಬುತ್ತಿ ಕಟ್ಟಿಕೊಂಡು ಕಾರಿನಲ್ಲಿ ಹೊರಡುತ್ತಿದ್ದೆವು. ಒಂದು ಸಲ ಕೊಡಗಿನ ಕಡೆ, ಇನ್ನೊಂದು ಸಲ ವಯನಾಡಿನ ಕಡೆ. ಬೆಟ್ಟದ ತೊರೆ ಹುಡುಕುವುದೂ ಒಂದು ವಿದ್ಯೆ. ಬೋರ್ಡು ಹಾಕಿರುವ ಜಾಗಕ್ಕೆ ಹೋಗಬಾರದು, ಅಲ್ಲಿ ಗಾಜಿನ ಚೂರು ಇರುತ್ತದೆ. ಟೀ ಅಂಗಡಿಯಲ್ಲಿ ಗಂಡಸರನ್ನು ಕೇಳಿದರೆ ಜಲಪಾತ ತೋರಿಸುತ್ತಾರೆ; ಹೆಂಗಸರನ್ನು ಕೇಳಬೇಕು, ಬಟ್ಟೆ ಒಗೆಯುವ ಜಾಗ ಅವರಿಗೆ ಗೊತ್ತು. ರಸ್ತೆಯ ಮೋರಿ ಸಿಕ್ಕಾಗ ಎಂಜಿನ್ ಆಫ್ ಮಾಡಿ ಕಿವಿಗೊಡಬೇಕು. ಮೇಲೆ ಬೆಟ್ಟದ ಕಡೆ ಮೋಡವಿದ್ದರೆ ಇಳಿಯಲೇಬಾರದು. ದಡದಲ್ಲಿ ಒಂದು ಕಲ್ಲು ಗುರುತಿಟ್ಟುಕೊಳ್ಳಬೇಕು, ನೀರು ಆ ಕಲ್ಲು ಮುಟ್ಟಿದರೆ ಮಕ್ಕಳನ್ನು ಮೇಲೆ ಹತ್ತಿಸಬೇಕು. ಇಷ್ಟೆಲ್ಲ ಕಲಿತೆ. "ಭಗೀರಥ ಗಂಗೇನ ನಮ್ಮ ಹತ್ರ ಇಳಿಸಿದ, ಇವಳು ನಮ್ಮನ್ನ ಗಂಗೆ ಹತ್ರ ಇಳಿಸ್ತಾಳೆ" ಎಂದು ಅಣ್ಣ ಹಾಸ್ಯ ಮಾಡುತ್ತಿದ್ದ.

ಏಳೆಂಟು ತೊರೆಗಳಾದವು. ಅಣ್ಣ ಪ್ಯಾಂಟು ಮಡಚಿ ಗಗನ್ ಜೊತೆ ನೀರಿಗಿಳಿಯುತ್ತಿದ್ದ. ನಾನು ದಡದಲ್ಲಿ ಕೋಲು ಹಿಡಿದು ಕಾವಲು. ಒಂದು ಸಲವೂ ನೀರಿಗಿಳಿಯಲಿಲ್ಲ. ಯಾರಾದರೂ ಗಮನವಿಟ್ಟು ನೋಡುತ್ತಿರಬೇಕಲ್ಲ ಎಂದು ನೆಪ ಹೇಳುತ್ತಿದ್ದೆ. ಗಾನವಿ ಚಪ್ಪಲಿಯನ್ನೂ ಬಿಚ್ಚದೆ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿಂದು ವಾಪಸ್ ಬರುತ್ತಿದ್ದಳು. ಹೀಗೇ ಎರಡು ವರ್ಷ ಕಳೆಯಿತು.

ಆ ಡಿಸೆಂಬರಿನಲ್ಲಿ ಮಡಿಕೇರಿ ದಾಟಿ ಮುಂದೆ ಹೋಗಿದ್ದೆವು. ಸಣ್ಣ ಹೋಟೆಲಿನ ಹೆಂಗಸೊಬ್ಬರು ದಾರಿ ಹೇಳಿದರು. ಮೋರಿಯ ಪಕ್ಕ ಇಳಿದರೆ ಕಾಲು ಮುಳುಗುವಷ್ಟು ನೀರು, ಕೆಳಗೆ ಮರಳು, ಒಂದೊಂದು ಕಲ್ಲನ್ನೂ ಎಣಿಸಬಹುದು. ಬಿಸಿಲು ಚೆನ್ನಾಗಿತ್ತು. ಅಣ್ಣನ ಕಾಲು ಉಳುಕಿತ್ತು, ಅವನು ಚಾಪೆಯ ಮೇಲೆ ಒರಗಿದ. ಗಗನ್ ಒಬ್ಬನೇ ನೀರಿನಲ್ಲಿ ಇರಬಾರದಲ್ಲ, ಬೇರೆ ದಾರಿಯಿಲ್ಲದೆ ಚೂಡಿದಾರ ಎತ್ತಿ ಸಿಕ್ಕಿಸಿಕೊಂಡು ನಾನು ಇಳಿದೆ.

ತಿರುಗಿ ನೋಡುವಷ್ಟರಲ್ಲಿ ಗಾನವಿ ಬರಿಗಾಲಲ್ಲಿ ದಡದ ಮರಳಿನ ಮೇಲೆ ನಿಂತಿದ್ದಳು. ಕೈ ಚಾಚಿ, "ಅತ್ತೆ, ಅವತ್ತು ಹಿಡ್ಕೊಂಡಿದ್ರಲ್ಲ, ಅಂಗೇ ಹಿಡ್ಕೊಳ್ಳಿ, ಬರ್ತೀನಿ" ಎಂದಳು.

"ಯಾವತ್ತು ಪುಟ್ಟಿ?"

"ಸಂಪಲ್ಲಿ ಬಿದ್ದಾಗ. ನೀವು ಮಲ್ಕೊಂಡು ಕೈ ಬಿಟ್ರಲ್ಲ. ನಿಮ್ಮ ಜಡೆ ನೀರೊಳಗೆ ಬಂತು. ಬಿಡ್ಬೇಡ ಕಣೇ, ಬಿಡ್ಬೇಡ ಕಣೇ ಅಂತ ಎಳ್ಕೊಂಡ್ರಲ್ಲ."

ಎರಡು ಕೈಯಲ್ಲೂ ನನ್ನ ಮುಂಗೈ ಹಿಡಿದು ನೀರಿಗೆ ಕಾಲಿಟ್ಟಳು. ತಣ್ಣಗಿದೆ ಎಂದು ನಕ್ಕಳು. ಸ್ವಲ್ಪ ಹೊತ್ತಿಗೆ ಕೈ ಬಿಟ್ಟು ಗಗನ್ ಮೇಲೆ ನೀರೆರಚುತ್ತಿದ್ದಳು. ಎರಡು ವರ್ಷದಿಂದ ನಾನು ಕಾದಿದ್ದ ಗಳಿಗೆ ಅದು. ನೋಡಿ ಸಂತೋಷಪಡಲೂ ಆಗದೆ ನಾನು ನೀರಿನ ನಡುವೆ ನಿಂತೇ ಇದ್ದೆ.

ಏಕೆಂದರೆ ಆಗ ಒಂದು ವಿಷಯ ನೆನಪಾಯಿತು. ಅವಳು ಬಿದ್ದ ದಿನ ಸಂಜೆ ಸ್ನಾನ ಮಾಡುವಾಗ ನನ್ನ ಎರಡೂ ತೋಳುಗಳ ಒಳಭಾಗ ಉರಿದಿತ್ತು. ನೋಡಿದರೆ ಮೊಣಕೈಯಿಂದ ಮೇಲಕ್ಕೆ ಚರ್ಮ ತರಚಿ ಕೆಂಪಾಗಿತ್ತು. ಓಡಿ ಬರುವಾಗ ಗೇಟಿಗೆ ಉಜ್ಜಿರಬೇಕು ಎಂದು ಕೊಬ್ಬರಿ ಎಣ್ಣೆ ಹಚ್ಚಿ ಮರೆತಿದ್ದೆ. ಗೇಟಿಗೆ ಉಜ್ಜಿದರೆ ಒಂದು ತೋಳು ತರಚಬಹುದು, ಹೊರಭಾಗ ತರಚಬಹುದು. ಎರಡು ತೋಳಿನ ಒಳಭಾಗ ಹೇಗೆ?

ಇನ್ನು ತಡೆಯಲಾಗಲಿಲ್ಲ. ದಡಕ್ಕೆ ಬಂದು, ಚಾಪೆಯ ಮೇಲೆ ಕೂತು ಮಗಳನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ ಅತ್ತಿಗೆಗೆ ಹೇಳಿದೆ. "ಅತ್ತಿಗೆ, ಅವತ್ತು ಮುಚ್ಚಳ ತೆಗೆದಿಟ್ಟೋಳು ನಾನು." ಅಣ್ಣ ಎದ್ದು ಕೂತ. ಅತ್ತಿಗೆ ಕಣ್ಣೊರೆಸುತ್ತಿದ್ದ ಸೆರಗನ್ನು ಮಡಿಲಿಗೆ ಇಳಿಸಿದರು.

"ನನ್ನ ತಲೆನೇ ಕೆಟ್ಟೋಗಿದೆ ಅಂದ್ಕೊಂಡ್ಬುಟ್ಟಿದ್ದೆ ಕಣೇ" ಎಂದರು ಆಮೇಲೆ. "ಗ್ಯಾಸ್ ಆಫ್ ಮಾಡಿದೀನಾ, ಬಾಗ್ಲು ಹಾಕಿದೀನಾ ಅಂತ ದಿನಾ ಮೂರು ಮೂರು ಸಲ ಹೋಗಿ ನೋಡ್ತೀನಿ. ನನ್ನ ಕೈ ಮೇಲೇ ನಂಗೆ ನಂಬಿಕೆ ಹೋಯ್ತಲ್ಲೇ." ಮೈಸೂರು ತಲುಪುವವರೆಗೆ ಇನ್ನೊಂದು ಮಾತಾಡಲಿಲ್ಲ. ಆಮೇಲೂ ಶಿವರಾತ್ರಿಯವರೆಗೆ ನನ್ನ ಜೊತೆ ಮಾತಿಲ್ಲ. ಅಣ್ಣ ಅವರ ಮುಂದೆ ಕೂತು ತಪ್ಪಾಯಿತು ಎಂದದ್ದನ್ನು ಮೆಟ್ಟಿಲ ಮೇಲಿನಿಂದ ಕೇಳಿಸಿಕೊಂಡೆ. ನನಗೆ ಸಿಕ್ಕ ಶಿಕ್ಷೆ ಕಡಿಮೆಯೇ ಆಯಿತು.

ಗಾನವಿ ಹೇಳಿದ್ದನ್ನು ಮಾತ್ರ ನನ್ನ ಪಾಡಿಗೆ ನಾನು ತಪಾಸಣೆ ಮಾಡಿದೆ. ಅವತ್ತು ಫೋನ್ ಮಾಡಿದ್ದ ಸಹೋದ್ಯೋಗಿಗೆ ಆ ಜಗಳ ಚೆನ್ನಾಗಿ ನೆನಪಿತ್ತು. ಶುರುವಿನಿಂದ ಕಿರುಚಾಟ ಕೇಳುವವರೆಗೆ ನಾನು ಒಂದೇ ಸಮನೆ ಬೈಯುತ್ತಿದ್ದೆನಂತೆ. ಅಂಗಡಿಯವರನ್ನು ಕೇಳಿದೆ. "ನೀವು ಇಲ್ಲೇ ಅಕ್ಕಿ ಮೂಟೆ ಹತ್ರ ನಿಂತಿದ್ರಿ ಕಣಮ್ಮ. ಇಬ್ರೂ ಜೊತೆಗೇ ಓಡಿದ್ವಲ್ಲ" ಎಂದರು. ಬಟ್ಟೆ ಒದ್ದೆಯಾಗಿತ್ತೇ ಎಂದು ಯೋಚಿಸಿದೆ. ಆಗಿತ್ತು, ಆದರೆ ಒದ್ದೆ ಮಗುವನ್ನು ಎತ್ತಿಕೊಂಡಿದ್ದೆನಲ್ಲ. ಜಡೆ ಒದ್ದೆಯಾಗಿತ್ತೇ? ಎಷ್ಟು ತಿಣುಕಿದರೂ ನೆನಪಿಗೆ ಬರುವುದಿಲ್ಲ. ಗಾಬರಿಯಾದ ಮಗು ಏನೋ ಕಲ್ಪಿಸಿಕೊಂಡಿದೆ ಎಂದು ಒಮ್ಮೆ ತೀರ್ಮಾನ ಮಾಡುತ್ತೇನೆ. ಹಾಗಾದರೆ ಅವಳು ಮೇಲೆ ಬಂದದ್ದು ಹೇಗೆ, ನನ್ನ ತೋಳು ತರಚಿದ್ದು ಹೇಗೆ ಎಂದು ಮರುಕ್ಷಣ ಆ ತೀರ್ಮಾನವನ್ನು ವಾಪಸ್ ಕಳಿಸುತ್ತೇನೆ.

ಗಾನವಿಗೆ ಈಗ ಹನ್ನೊಂದು. ಎಲ್ಲಿ ನೀರು ಕಂಡರೂ ಮೊದಲು ಹಾರುವವಳು ಅವಳೇ. ನಾನೇ ಕಾಪಾಡಿದೆ ಎಂದು ನಂಬಿ ನನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದಾಳೆ. ಅವಳ ಪ್ರೀತಿಯನ್ನು ಕದ್ದು ತಿನ್ನುತ್ತಿದ್ದೇನೆ ಅನ್ನಿಸುತ್ತಿತ್ತು. ಕಳೆದ ತಿಂಗಳು ಅವಳು ನನ್ನ ರೂಮಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದಾಗ ಧೈರ್ಯ ಮಾಡಿ ಹೇಳಿಬಿಟ್ಟೆ. ನೀನು ಬಿದ್ದಿದ್ದು ನನ್ನಿಂದ, ಮುಚ್ಚಳ ತೆರೆದಿಟ್ಟು ಹೋದವಳು ನಾನು ಎಂದು.

"ಗೊತ್ತು ಅತ್ತೆ" ಎಂದಳು, ಪುಸ್ತಕದಿಂದ ತಲೆಯೆತ್ತದೆ. "ನಾನು ಮೆಟ್ಟಿಲ ಮೇಲೆ ಕೂತು ನೋಡ್ತಿದ್ದೆನಲ್ಲ. ಫೋನ್ ಬಂತು, ಮಾತಾಡ್ಕೊಂಡು ಹೋಗ್ಬುಟ್ರಿ."

"ಹೋದೋಳು ವಾಪಸ್ ಬರಲಿಲ್ಲ ಕಣೇ. ನಿನ್ನ ಎತ್ತಿದ್ದು ನಾನಲ್ಲ" ಎಂದೆ.

ಆಗ ತಲೆಯೆತ್ತಿದಳು. ದಡ್ಡರಿಗೆ ಲೆಕ್ಕ ಹೇಳಿಕೊಡುವವರ ತಾಳ್ಮೆ ಅವಳ ಮುಖದಲ್ಲಿತ್ತು.

"ಬಂದ್ರಿ ಅತ್ತೆ. ಸ್ವಲ್ಪ ಲೇಟಾಗಿ ಬಂದ್ರಿ, ಅಷ್ಟೆ."