ಬಯಕೆಯಿಲ್ಲದ ಬಸುರಿಗೆ ಡಬ್ಬಿಯ ಬೆಳಕು

ಬಿಸಿಲಿಗೆ ಬರವಿಲ್ಲದ ಈ ಊರಿನಲ್ಲಿ ಬೆಳಕನ್ನು ಡಬ್ಬಿಯಲ್ಲಿ ತರಿಸಿಕೊಂಡವರು ಯಾರಾದರೂ ನಿಮಗೆ ಗೊತ್ತೇ? ನಗುವುದಾದರೆ ಮೆಲ್ಲಗೆ ನಗಿ. ಸಂಜಯನಗರದ ನಮ್ಮ ಮನೆಗೇ ಅದು ಬಂತು.

ಬಂದದ್ದು ನನ್ನ ಮೊಮ್ಮಗಳಿಗಾಗಿ. ಆರು ತಿಂಗಳ ಬಸುರಿ. ಹೆಬ್ಬಾಳದ ಫ್ಲ್ಯಾಟಿನಲ್ಲಿ ಗಂಡ ಕೆಲಸಕ್ಕೆ ಹೋದಮೇಲೆ ಪರದೆ ಎಳೆದುಕೊಂಡು ಮಲಗಿದರೆ, ಅವನು ಸಂಜೆ ಬಂದಾಗಲೂ ಅದೇ ಮಗ್ಗುಲಲ್ಲಿ ಇರುತ್ತಿದ್ದಳು. ಅದಕ್ಕೇ ಕರೆದುಕೊಂಡು ಬಂದೆವು. ಬಸುರಿಯರಿಗೂ ಖಿನ್ನತೆ ಬರುತ್ತದೆ, ಇದು ಸೋಮಾರಿತನವಲ್ಲ ಎಂದರು ಮನೋವೈದ್ಯೆ. ವಾರಕ್ಕೊಮ್ಮೆ ಬಂದು ಮಾತಾಡಲಿ, ಮಾತ್ರೆಯ ವಿಚಾರ ಆಮೇಲೆ ನೋಡೋಣ, ಬೆಳಗ್ಗೆ ಎದ್ದ ಕೂಡಲೇ ಇಂಥದ್ದೊಂದು ಪ್ರಖರವಾದ ದೀಪದ ಎದುರು ಅರ್ಧ ಗಂಟೆ ಕೂರಲಿ, ಆ ಬೆಳಕಿಗೆ ಮನಸ್ಸಿನ ಮಂಕು ನಿಧಾನಕ್ಕೆ ಕಡಿಮೆಯಾಗಬಹುದು ಎಂದರು.

ತಟ್ಟೆಯಷ್ಟು ಅಗಲದ ಬಿಳಿ ದೀಪ. ಅದನ್ನು ದಿಟ್ಟಿಸಬಾರದು, ಕಣ್ಣು ಮುಚ್ಚಲೂಬಾರದು. ಮೊದಲ ದಿನ ಸ್ವಿಚ್ ಒತ್ತಿದಾಗ ನಾನು ಅಭ್ಯಾಸಬಲದಿಂದ ಕೈ ಮುಗಿದೆ. ಮೊದಲಿನ ಹುಡುಗಿಯಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಫೋನಿನಲ್ಲಿ ಟೈಪ್ ಮಾಡಲು ನನಗೆ ಕಲಿಸಿದವಳೂ ಇವಳೇ. ನಾನು ಒತ್ತಿದ ತಪ್ಪುಗಳನ್ನೆಲ್ಲ ಗಂಡನಿಗೆ ಓದಿ ಹೇಳಿ ನಗುತ್ತಿದ್ದಳು. ಈಗ ಬೇಕೆಂದೇ ತಪ್ಪು ಒತ್ತಿ ತೋರಿಸಿದರೂ ಸುಮ್ಮನೆ ತಿದ್ದಿ ವಾಪಸು ಕೊಡುತ್ತಾಳೆ.

ಬಸುರಿಯನ್ನು ನೋಡಲು ಬಂದವರು ಮೊದಲು ಕೇಳುವುದೇ "ಏನ್ ಬಯಕೆ?" ಎಂದು. ನಾನಂತೂ ಬಸುರಿಯಾಗಿದ್ದಾಗ ಗೋಡೆಯ ಸುಣ್ಣ ಕೆರೆದು ತಿಂದು ಅತ್ತೆಯ ಕೈಗೆ ಸಿಕ್ಕಿಬಿದ್ದವಳು. ನನ್ನ ಸೊಸೆ, ಅಂದರೆ ಇವಳ ತಾಯಿ, ಹುಣಸೆ ಚಿಗುರು ಬೇಕೆಂದು ನನ್ನ ಮಗನಿಂದ ಯಶವಂತಪುರದ ಮಾರ್ಕೆಟ್ಟೆಲ್ಲ ಸುತ್ತಿಸಿದವಳು. ಇವಳದ್ದು ಒಂದೇ ಉತ್ತರ: "ಏನೂ ಬೇಡ." ಕೇಳಿದ್ದನ್ನು ತಂದುಕೊಡುವುದು ನಮಗೆ ಗೊತ್ತು. ಕೇಳದವಳಿಗೆ ಏನು ಕೊಡುವುದು?

"ಬಯಕೆ ಊಟಕ್ಕೆ ನಾಲ್ಕು ಜನಾನ ಕರೆಯೋಣ ಅತ್ತೆ, ಅವಳಿಗೂ ಗೆಲುವಾಗತ್ತೆ" ಎಂದಳು ಸೊಸೆ. ನನಗೂ ಸರಿ ಅನ್ನಿಸಿತು.

ಕರೆದದ್ದು ಮಧ್ಯಾಹ್ನಕ್ಕೆ. ಅಕ್ಕಪಕ್ಕದವರು ಕೈಜೋಡಿಸಲೆಂದು ಬೆಳಗ್ಗೆಯೇ ಬಂದರು. ಹುಡುಗಿ ಇನ್ನೂ ನಡುಮನೆಯಲ್ಲಿ ದೀಪದ ಎದುರು ಕೂತಿದ್ದಳು. ಬಾಗಲಕೋಟೆ ಕಡೆಯಿಂದ ಬಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವಾಕೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಒಳಗೆ ಬಂದವಳೇ ಕೂಗಿದಳು: "ಅಯ್ಯ, ಫೋಟೋಕ್ಕ ಲೈಟ್ ತರ್ಸೀರೇನ್ರಿ! ಮೊದ್ಲ ಹೇಳಿದ್ರ ರೇಷ್ಮಿ ಸೀರಿ ಉಟ್ಕೊಂಡ್ ಬರ್ತಿದ್ನಲ್ರಿ!"

ಮನಸ್ಸಿನ ಮದ್ದು ಎನ್ನಲು ಸೊಸೆಗೆ ಬಾಯಿ ಬರಲಿಲ್ಲ. "ಹ್ಞೂಂ ಕಣ್ರೀ, ಫೋಟೋಗೇ" ಎಂದುಬಿಟ್ಟಳು.

ಸರಿ, ಎಲ್ಲರೂ ಸೆರಗು ಸರಿಮಾಡಿಕೊಂಡು ಅವಳ ಎರಡೂ ಪಕ್ಕ ಒತ್ತಿ ಕೂತರು. ಒಬ್ಬಾಕೆ ಹೂ ಮುಡಿಸಿದಳು. "ನಗಮ್ಮಾ ಸ್ವಲ್ಪ, ಮಗು ಚೆನ್ನಾಗಾಗತ್ತೆ" ಎಂದಳು ಇನ್ನೊಬ್ಬಳು. ಹುಡುಗಿ ನಕ್ಕಳು. ಆ ನಗುವನ್ನು ಎಲ್ಲಿಂದ ಹೊತ್ತು ತಂದಳೋ, ಫೋಟೋ ತೆಗೆಯುತ್ತಿದ್ದ ಫೋನು ಕೆಳಗಿಳಿದದ್ದೇ ತಡ, ಅದನ್ನೂ ಇಳಿಸಿಬಿಟ್ಟಳು.

"ಏನ್ ಬೇಕ್ ಹೇಳವಾ, ನಾ ಮಾಡಿ ತರ್ತೀನಿ" ಎಂದು ಮಹಡಿಯಾಕೆ ಗಲ್ಲ ಹಿಡಿದು ಕೇಳಿದಳು. ಪಾಪ, ನಿಜವಾದ ಅಕ್ಕರೆ. ಹುಡುಗಿ ದಾಕ್ಷಿಣ್ಯಕ್ಕೆ ಹೋಳಿಗೆಯ ಒಂದು ಚೂರು ಬಾಯಿಗೆ ಹಾಕಿಕೊಂಡು ಬಚ್ಚಲಿಗೆ ಹೋದಳು. ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ನೀರಿನ ಸದ್ದಿನ ಕೆಳಗೆ ಅಳು ಕೇಳುತ್ತಿತ್ತು. ಊರವರ ಮಾತಿಗೆಲ್ಲ ಬಾಯಿ ಹಾಕುವ ನಾನು ಟವಲು ಹಿಡಿದು ಬಾಗಿಲಾಚೆ ನಿಂತೆ. ಬಾಗಿಲು ಬಡಿಯಲೋ ಬೇಡವೋ ಎಂಬುದೂ ತಿಳಿಯಲಿಲ್ಲ.

ಮರುದಿನ ದೀಪವನ್ನು ಅವಳ ಕೋಣೆಗೆ ಸಾಗಿಸಿ ಬಾಗಿಲು ಮುಚ್ಚಿದೆವು. ಗುಣ ಕಾಣಲು ಕೆಲವು ವಾರವಾದರೂ ಬೇಕು, ಕೆಲವರಿಗೆ ಅದೊಂದೇ ಸಾಲದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಪಕ್ಕದ ಮಂಚದಲ್ಲಿ ಕೂತು, ಒಲೆಯ ಮೇಲಿನ ಹಾಲನ್ನು ಕಾಯುವವಳಂತೆ ಅವಳ ಮುಖವನ್ನೇ ನೋಡುತ್ತಿದ್ದೆ. ಬಿಳಿ ಬೆಳಕಿನಲ್ಲಿ ಅವಳ ಕಣ್ಣ ಕೆಳಗಿನ ಕಪ್ಪು ಇನ್ನಷ್ಟು ಕಾಣುತ್ತಿತ್ತು, ಅಷ್ಟೇ.

ತಡೆಯಲಾಗಲಿಲ್ಲ. "ಲೇ, ನನ್ ಹತ್ರ ಆದ್ರೂ ಹೇಳೇ. ಏನಾದ್ರೂ ಒಂದು ಕೇಳು. ಸುಣ್ಣ ಬೇಕಂದ್ರೂ ಗೋಡೆ ಕೆರೆದು ಕೊಡ್ತೀನಿ."

ಅವಳು ದೀಪದ ಕಡೆಯಿಂದ ಮುಖ ತಿರುಗಿಸಲೂ ಇಲ್ಲ.

"ಏನಾದ್ರೂ ಬೇಕು ಅನ್ನಿಸ್ತಿದ್ರೆ ಈ ಲೈಟ್ ಮುಂದೆ ಯಾಕಜ್ಜಿ ಕೂತಿರ್ತಿದ್ದೆ?"