ಏಳುಬಾಗಿಲಿನಲ್ಲಿ ಹುಲಿಗೆಮ್ಮನ ಮುಯ್ಯಿ

ಹರಿಹರದ ಆ ಓಣಿಯಲ್ಲಿ ಹುಲಿಗೆಮ್ಮ ಅಂದರೆ ಸೀರೆಗೆ ಕುಚ್ಚು ಕಟ್ಟುವ ಹುಲಿಗೆಮ್ಮ. ವಯಸ್ಸು ನಲವತ್ತಾರು. ಎಡಗಾಲನ್ನು ಚಿಕ್ಕಂದಿನಲ್ಲೇ ಪೋಲಿಯೊ ತಿಂದುಹಾಕಿತ್ತು. ಮದುವೆ ಆಗಲಿಲ್ಲ. ಆ ಬಗ್ಗೆ ಯಾರಾದರೂ ಲೊಚಗುಟ್ಟಿದರೆ, "ನಿಮ್ಮ ಸೀರೆ ಬುಧವಾರ ಕೊಡ್ತೀನಿ, ಹೋಗಿ ಬರ್ರಿ" ಅಂತ ಬಾಗಿಲು ತೋರಿಸುತ್ತಾಳೆ. ಇಷ್ಟು ಎಲ್ಲರಿಗೂ ಗೊತ್ತು. ಸಂಜೆ ಏಳಕ್ಕೆ ಸೂಜಿ ಎತ್ತಿಟ್ಟು, ಕಂಪ್ಯೂಟರ್ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಏರಿಸಿದಳೆಂದರೆ ಅವಳು ಹನ್ನೊಂದು ಜನರ ಪಡೆಗೆ ಯಜಮಾನಿ ಅನ್ನುವುದು ಮಾತ್ರ ಓಣಿಗೆ ಗೊತ್ತಿಲ್ಲ.

ಆಟದ ಹೆಸರು ಏಳುಬಾಗಿಲು; ಒಂದೊಂದು ಬಾಗಿಲಿಗೂ ಒಬ್ಬ ರಾಕ್ಷಸನ ಕಾವಲು. ಎಲ್ಲೆಲ್ಲಿಯವರೋ ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ರಾಜ್ಯದೊಳಗೆ ಓಡಾಡುತ್ತಾರೆ, ಕಾದಾಡುತ್ತಾರೆ, ಸಂತೆ ಮಾಡುತ್ತಾರೆ. ಅದರಲ್ಲಿ ಹುಲಿಗೆಮ್ಮ ವೈದ್ಯೆ. ಕತ್ತಿಯವರು ಏಟು ತಿಂದಾಗ ಹಿಂದೆ ನಿಂತು ಜೀವ ತುಂಬುವವಳು. ಅಣ್ಣನ ಮಗಳು ಸುಷ್ಮಾ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಹೋಗುವಾಗ ಹಳೇ ಕಂಪ್ಯೂಟರನ್ನು ಈ ಸೋದರತ್ತೆಯ ಮನೆಯಲ್ಲಿ ಬಿಟ್ಟು, ಆಟವನ್ನೂ ಕಲಿಸಿ ಹೋದಳು. ಅದಾಗಿ ಒಂಬತ್ತು ವರ್ಷ.

ನಡುವೆ ಒಮ್ಮೆ ಪಡೆಯವರೆಲ್ಲ ಹೊಸ ಆಟವೊಂದಕ್ಕೆ ಮನಸೋತಿದ್ದರು. ಎಲ್ಲರಿಗಿಂತ ಜಾಸ್ತಿ ಕುಣಿದವನು ಅಂಜನ್ ಕುಮಾರ್. ದಾವಣಗೆರೆಯ ಟಯರ್ ಅಂಗಡಿಯಲ್ಲಿ ಕೆಲಸ, ಆಟದಲ್ಲಿ ಎಲ್ಲರ ಮುಂದೆ ಗುರಾಣಿ ಹಿಡಿದು ಏಟು ತಿನ್ನುವ ಕೆಲಸ. "ಅಕ್ಕಾ, ಅದ್ರಾಗಿನ ನೀರು ನೋಡಿದ್ರೆ ಬೊಗಸೆಯಾಗ ತಗೊಂಡು ಕುಡೀಬೇಕು ಅನ್ನಿಸ್ತೈತೆ!" ಅಂದಿದ್ದ. ಹುಲಿಗೆಮ್ಮ ನಾಲ್ಕು ದಿನ ಆಡಿದಳು. ಐದನೇ ದಿನ ತೀರ್ಪು ಕೊಟ್ಟಳು.

"ನೀರು ಚಂದ ಐತಪ್ಪಾ, ಇಲ್ಲ ಅನ್ನಲ್ಲ. ಆದ್ರೆ ಆ ಊರಾಗ ಯಾರಿಗೂ ಯಾರೂ ಬ್ಯಾಡ. ಒಬ್ಬನೇ ಹೋಗ್ತಾನೆ, ಒಬ್ಬನೇ ಕೊಲ್ತಾನೆ, ಒಬ್ಬನೇ ಬಾಚ್ಕೊಂಡು ಬರ್ತಾನೆ. ಸಾವಿರ ಮಂದಿ ಅದಾರೆ, ಬಸ್ ಸ್ಟ್ಯಾಂಡಿನಾಗ ಇದ್ದಂಗೆ ಅದಾರೆ. ಆಟ ಅಂದ್ರೆ ದೂರ ನಡೀಬೇಕು. ಸತ್ರೆ ಏನಾರ ಕಳ್ಕೋಬೇಕು. ನಾನು ಇಲ್ದಾಗ್ಲೂ ಅಲ್ಲಿ ಸಂತೆ ನಡೀತಿರ್ಬೇಕು. ಮತ್ತೆ, ನಾನು ಒಂದಿನ ಬರ್ಲಿಲ್ಲ ಅಂದ್ರೆ ಯಾರಿಗಾರ ತೊಂದ್ರೆ ಆಗ್ಬೇಕು."

ಪಡೆ ಏಳುಬಾಗಿಲಿಗೇ ಮರಳಿತು. ಆದರೆ ಈ ಕೊನೆಯ ಮಾತು ಎಲ್ಲಿಂದ ಬಂತು ಅಂತ ಅಂಜನ್‌ಗೆ ತಿಳಿಯಲಿಲ್ಲ. ಅದು ಬಂದದ್ದು ಹದಡಿಯ ಗದ್ದೆಯಿಂದ. ಹದಡಿ ಹುಲಿಗೆಮ್ಮ ಹುಟ್ಟಿ ಬೆಳೆದ ಊರು. ನಾಟಿಗೆ, ಕಳೆಗೆ ಮುಯ್ಯಾಳು ನಡೆಯುತ್ತಿದ್ದ ಕಾಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಉಪಕಾರವೂ ಅಲ್ಲ. ಮುಯ್ಯಿ ತೀರಿಸದಿದ್ದವರನ್ನು ಹೆಂಗಸರು ಬಾವಿಕಟ್ಟೆಯಲ್ಲಿ ಹಿಡಿದು ಝಾಡಿಸುತ್ತಿದ್ದರು. ಅವ್ವ ಹೊನ್ನಕ್ಕ ಹೋಗುತ್ತಿದ್ದಳು, ಅಕ್ಕ ಹೋಗುತ್ತಿದ್ದಳು. ಹುಲಿಗೆಮ್ಮನನ್ನು ಯಾರೂ ಆಳು ಅಂತ ಎಣಿಸಲೇ ಇಲ್ಲ. ಬೇವಿನ ಮರದಡಿ ಕೂರಿಸಿ, ಮಡಿಲಿಗೆ ಒಂದಿಷ್ಟು ಮಂಡಕ್ಕಿ ಸುರಿದು, "ಪಾಪ, ಕೂಸು" ಅಂತ ತಲೆ ಸವರಿ ಹೋಗುತ್ತಿದ್ದರು. ಆ ಮಂಡಕ್ಕಿಯನ್ನು ಅವಳು ಇರುವೆಗಳಿಗೆ ಚೆಲ್ಲಿಬಿಡುತ್ತಿದ್ದಳು. ಅವಮಾನ ಅಂತ ಹೇಳುವಷ್ಟು ಮಾತು ಆಗ ಅವಳಿಗೆ ಬರುತ್ತಿರಲಿಲ್ಲ, ಅಷ್ಟೇ.

ಅವಳು ಏಳುಬಾಗಿಲಿಗೆ ಬಂದ ಹೊಸದರಲ್ಲಿ ಪಡೆಯಲ್ಲಿ ದಿನಾ ಜಗಳ. ರಾಕ್ಷಸನನ್ನು ಕೊಂದ ಮೇಲೆ ಸಿಕ್ಕ ಖಡ್ಗ ನನಗೆ, ನಿನಗೆ ಅಂತ ಕತ್ತಿ ಹಿಡಿಯುವ ಮಾರುತಿಗೂ ಉಳಿದವರಿಗೂ ಕಿತ್ತಾಟ. ಹುಲಿಗೆಮ್ಮ ಒಂದು ದಿನ ರೇಗಿ, "ಥೂ ನಿಮ್ಮ! ಈ ವಾರ ಎಲ್ಲಾರೂ ಮಾರುತಿಯ ಖಡ್ಗಕ್ಕೆ ದುಡೀರಿ, ಮುಂದಿನ ವಾರ ಅಂಜನನ ಗುರಾಣಿಗೆ. ಬಂದೋರಿಗೆ ತಿರುಗಿ ಹೋಗ್ಬೇಕು. ಮುಗೀತು" ಅಂದಳು. ಮುಗಿದೇಹೋಯಿತು. ಗೆದ್ದ ಸಾಮಾನು ಅವಳ ಕೈಯಿಂದಲೇ ಹಂಚಿಕೆಯಾಗುತ್ತಿತ್ತು. ಯಾರು ಯಾರಿಗೆ ಎಷ್ಟು ಆಳು ಬಾಕಿ ಅನ್ನುವುದು ಅವಳ ತಲೆಯಲ್ಲೇ ಇರುತ್ತಿತ್ತು. ಅವಳಿಗೂ ಬಾಕಿ ಇತ್ತು, ಅವಳೂ ಬಾಕಿ ಇದ್ದಳು. ಅವಳ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಈ ಮುಯ್ಯಿಯೇ ತಿರುಗಿಬಿತ್ತು. ಕಳೆದ ಫಾಲ್ಗುಣದಲ್ಲಿ ಒಂದು ಸಂಜೆ ಆಟ ತೆರೆಯಲೇ ಇಲ್ಲ. ಕಂಪನಿಯಿಂದ ಇಂಗ್ಲಿಷಿನ ಪತ್ರ. ಸುಷ್ಮಾ ಫೋನಿನಲ್ಲಿ ಓದಿ ಅರ್ಥ ಹೇಳಿದಳು: "ಅತ್ತೆ, ನಿಮ್ಮ ಕೈಯಿಂದ ಬೇರೆಯವರಿಗೆ ಸಾಮಾನು ಹೋಗ್ತಾನೇ ಐತಂತೆ, ತಿರುಗಿ ಏನೂ ಬರ್ತಿಲ್ಲಂತೆ. ಹೊರಗೆ ದುಡ್ಡು ತಗೊಂಡು ಮಾರ್ತಿದ್ದೀರಿ ಅಂತ ಅನುಮಾನ. ಅದಕ್ಕೇ ಬಂದ್ ಮಾಡಿದಾರೆ."

ಆಟ ಕಾಯುವ ಯಂತ್ರಕ್ಕೆ ಸಾಮಾನು ಕಾಣುತ್ತದೆ. ಮೂರು ತಿಂಗಳಾದ ಮೇಲೆ ಬರುವ ಆಳು ಕಾಣುವುದಿಲ್ಲ. ಪತ್ರದ ಕೆಳಗೆ ಒಂದು ಫಾರ್ಮ್ ಇತ್ತು. ಅದರಲ್ಲಿ ಒಂದೇ ಪ್ರಶ್ನೆ: ಕೊಟ್ಟಿದ್ದಕ್ಕೆ ಪ್ರತಿಯಾಗಿ ಏನು ಪಡೆದಿರಿ? ಒಪ್ಪುವ ಉತ್ತರ ಬಂದರೆ ಒಂಬತ್ತು ವರ್ಷದ ವೈದ್ಯೆ ವಾಪಸ್ಸು. ಇಲ್ಲದಿದ್ದರೆ ಅಳಿಸಿಹಾಕುತ್ತಾರೆ.

ಅಂಜನ್ ಫೋನ್ ಮಾಡಿದ. "ಅಕ್ಕಾ, ತಲೆ ಕೆಡಿಸ್ಕೋಬ್ಯಾಡ್ರಿ. 'ಸುಮ್ನೆ ಕೊಟ್ಟೆ, ಗಿಫ್ಟು' ಅಂತ ಬರೀರಿ. ಎಲ್ಲಾರೂ ಹಂಗೇ ಬರೆಯೋದು. ಬಿಟ್ಟುಬಿಡ್ತಾರೆ."

"ಸುಮ್ನೆ ಕೊಟ್ಟಿಲ್ಲಲ್ಲ."

"ಅಯ್ಯೋ, ಬರೆಯಾಕೆ ಏನ್ ಹೋಗ್ತೈತ್ರಿ?"

"ನೀವೆಲ್ಲ ನಂಗೆ ಬಾಕಿ ಇದೀರಿ. ಗಿಫ್ಟು ಅಂದ್ರೆ ಅದೆಲ್ಲ ಹೋತು. ನಾನು ನಿಮಗೆ ಬಾಕಿ ಇರೋದೂ ಹೋತು. ದಾನ ಕೊಡೋಕೆ, ಇಸ್ಕೊಳ್ಳೋಕೆ ನಾನು ಅಲ್ಲಿಗೆ ಬಂದಿಲ್ಲಪ್ಪಾ."

ಎರಡು ದಿನ ಕುಚ್ಚು ಕಟ್ಟುತ್ತಾ ಯೋಚಿಸಿದಳು. ಬಣ್ಣ ತಪ್ಪಿ ಒಂದು ರೇಷ್ಮೆ ಸೀರೆಯ ಸೆರಗನ್ನೇ ಬಿಚ್ಚಿ ಕಟ್ಟಬೇಕಾಯಿತು. ಮೂರನೇ ದಿನ ಸುಷ್ಮಾಗೆ ಹೇಳಿ ಬರೆಸಿದಳು: "ಇನ್ನೂ ಪಡೆದಿಲ್ಲ. ಅವರು ಕೊಡಬೇಕು, ಕೊಡುತ್ತಾರೆ." ಸುಷ್ಮಾ ಗೋಗರೆದಳು, ಬೈದಳು. ಹುಲಿಗೆಮ್ಮ ಒಂದಕ್ಷರ ಬದಲಿಸಲಿಲ್ಲ. ಕಂಪನಿಗೆ ಬೇಕಾದದ್ದೂ ಅದೇ. ದುಡ್ಡು ಇನ್ನೂ ಬರಬೇಕು ಅನ್ನುವ ತಪ್ಪೊಪ್ಪಿಗೆ ಅಂತ ತಿಳಿದರು. ಸೋಮವಾರ ವೈದ್ಯೆಯನ್ನು ಅಳಿಸಿಹಾಕಿದರು.

ನಾಲ್ಕು ದಿನ ಆಕೆ ಕಂಪ್ಯೂಟರಿಗೆ ಸೀರೆ ಹೊದಿಸಿ ಇಟ್ಟಳು. ಅತ್ತಳು ಕೂಡ. ಐದನೇ ಸಂಜೆ ತಡೆಯಲಾರದೆ ಹೊಸ ಹೆಸರಿನಲ್ಲಿ ಒಳಗೆ ಹೋದಳು. ಮೊದಲ ಮಟ್ಟದ ವೈದ್ಯೆ. ಕೈಯಲ್ಲಿ ಒಂದು ಬರೀ ಕೋಲು. ಸುದ್ದಿ ಮುಟ್ಟಿ ಹತ್ತೂ ಜನ ಓಡಿಬಂದು ಸುತ್ತ ನಿಂತರು.

"ಅಕ್ಕಾ, ನೀವು ಏನೂ ಮಾಡಬ್ಯಾಡ್ರಿ" ಅಂದ ಅಂಜನ್. "ಸುಮ್ನೆ ನಮ್ಮ ಹಿಂದೆ ನಿಂತ್ಕೊಳ್ರಿ. ನಾವು ಕೊಂದ್ಕೊಂತ ಹೋಗ್ತೀವಿ, ನಿಮ್ಮ ಮಟ್ಟ ತಾನಾಗೇ ಏರ್ತೈತೆ."

ಹುಲಿಗೆಮ್ಮ ಸಿಡಿದಳು. "ನನ್ನ ಕೂರಿಸಿ ಉಣ್ಣಿಸೋಕೆ ಬಂದೀರೇನು? ಆಳು ಅಂತ ಕರ್ಕೊಂಡು ಹೋಗೋದಾದ್ರೆ ಹೋಗ್ರಿ. ಇಲ್ಲಾಂದ್ರೆ ಈಗ್ಲೇ ಬಂದ್ ಮಾಡ್ತೀನಿ."

ಮಾರುತಿ, "ಇವತ್ತು ನಾಲ್ಕನೇ ಬಾಗ್ಲು ಅಂತ ಮಾತಾಗಿತ್ತಲ್ಲ. ನಡೀರಿ ಹಂಗಾರೆ. ಬೇರೆ ವೈದ್ಯರು ನಮಗೆಲ್ಲಿ ಅದಾರೆ?" ಅಂದ.

ಹೋದರು. ನಾಲ್ಕನೇ ಬಾಗಿಲ ರಾಕ್ಷಸ ಒಂದು ಏಟು ಬೀಸಿದರೆ ಅಂಜನ್‌ನ ಜೀವ ಅರ್ಧ ಇಳಿಯುತ್ತಿತ್ತು. ಹುಲಿಗೆಮ್ಮ ಬೆರಳು ನೋಯುವಷ್ಟು ಒತ್ತಿದರೂ ಕೂದಲೆಳೆಯಷ್ಟು ಏರುತ್ತಿತ್ತು. ಆರು ಸಲ ಎಲ್ಲರೂ ಸತ್ತರು. ಸತ್ತಾಗಲೆಲ್ಲ ಒಬ್ಬೊಬ್ಬರ ಒಂದೊಂದು ಸಾಮಾನು ಹೋಯಿತು. ಏಳನೇ ಸಲಕ್ಕೆ ಅಂಜನ್‌ನ ಗುರಾಣಿಯೇ ಹೋಯಿತು. ಅವನು ಮರ್ಯಾದೆ ಮರೆತು ಕಿರುಚಿದ.

"ಏನಕ್ಕಾ, ಎಲ್ಲಿ ನೋಡ್ತಿದ್ದಿ? ನಿದ್ದೆ ಹೊಡೀತಿದ್ದೇನು? ನಿನ್ನಿಂದ ನನ್ನ ಗುರಾಣಿ ಹೋತು! ಇದಕ್ಕೆ ನಾಳೆ ನೀನು ಬರ್ಬೇಕು, ನಾಡಿದ್ದೂ ಬರ್ಬೇಕು. ಬಿಡಲ್ಲ ನಾನು!"

ನಲವತ್ತಾರು ವರ್ಷದಲ್ಲಿ ಕೆಲಸ ಕೆಡಿಸಿದ್ದಕ್ಕೆ ಅವಳನ್ನು ಯಾರೂ ಹೀಗೆ ಬೈದಿರಲಿಲ್ಲ.

"ಬರ್ತೀನಪ್ಪಾ, ಬಾಯಿ ಮಾಡಬ್ಯಾಡ" ಅಂದಳು ಹುಲಿಗೆಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟೊತ್ತಿಗೆ ಬರ್ಲಿ, ಅದು ಹೇಳು" ಅಂತ ಕೇಳಿದಳು.